ಕಿಸೆ ಇಟ್ಟ ಜೋಳಿಗೆ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಮಠದಲ್ಲಿ ಒಬ್ಬರು ಸ್ವಾಮಿಗಳು. ಅವರಿಗೂ ಒಂದು ಹೆಸರಿತ್ತು. ಆದರೆ ಆ ಸೀಮೆಯಲ್ಲಿ ಸ್ವಾಮಿಗಳನ್ನು ಅಜ್ಜಾರು ಎಂದೇ ಕರೆಯುವುದರಿಂದ ಆ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಅವರ ಶಿಷ್ಯ ಅಡಿವೆಪ್ಪ. ಇನ್ನೂ ಮದುವೆಯಾಗದ ಹುಡುಗ. ಪೇಟೆಯ ಟೇಲರ್ ಅಂಗಡಿಯಲ್ಲಿ ಹೊಲಿಗೆ ಕೆಲಸ, ಶನಿವಾರಕ್ಕೊಮ್ಮೆ ಪಗಾರ, ಮಾಳಿಗೆಯ ಮೇಲೆ ಬಾಡಿಗೆಯ ಒಂದು ಕೋಣೆ.

ಬೆಳಿಗ್ಗೆ ಮಠಕ್ಕೆ ಬಂದು ಅಂಗಳ ಗುಡಿಸಿ, ಅಜ್ಜಾರ ಎದುರು ಸ್ವಲ್ಪ ಹೊತ್ತು ಕೂತು, ಆಮೇಲೆ ಅಂಗಡಿಗೆ ಹೋಗುವನು. ಸಂಜೆ ಮಾಳಿಗೆಯ ಮೇಲೆ ಪಾರಿವಾಳ ಹಾರಿಸುವನು. ಇದ್ದದ್ದು ಒಂದೇ ಜೋಡಿ, ಗಂಡು ಬೂದು, ಹೆಣ್ಣು ಬಿಳಿ. ಅವು ಹೊಳೆಯ ಮೇಲೆ ಒಂದು ಸುತ್ತು ಹಾಕಿ ಬಂದು ಅವನ ಮುಂದೆ ಇಳಿದರೆ ಅವನಿಗೆ ದಿನ ಸಾರ್ಥಕ. ಸುಖವಾಗಿದ್ದ.

ಸುಖವಾಗಿರುವವನನ್ನು ಕಂಡರೆ ಯಾರಾದರೊಬ್ಬರಿಗೆ ಬುದ್ಧಿ ಹೇಳಬೇಕೆನಿಸುತ್ತದೆ. ಅಂಗಡಿಯ ಮಾಲಕರಿಗೆ ಅನಿಸಿತು.

"ಹನಿ ಹನಿ ಕೂಡಿದ್ರ ಹಳ್ಳ, ಅಡಿವೆಪ್ಪ. ವಯಸ್ಸಿದ್ದಾಗ ನಾಕ್ ಕಾಸು ಕೂಡಿಡು."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಡಿವೆಪ್ಪ ಸಂತೆಗೆ ಹೋಗಿ ತಗಡಿನ ಡಬ್ಬಿಗಳನ್ನು ತಂದ. ಬಾಡಿಗೆಗೆ ಒಂದು, ಊಟಕ್ಕೆ ಒಂದು, ಅವ್ವನಿಗೆ ಕಳಿಸಲು ಒಂದು, ಆಪತ್ತಿಗೆ ಒಂದು, ಮುಂದಿನ ಕಾಲಕ್ಕೆ ಒಂದು. ಪಗಾರ ಬಂದ ಕೂಡಲೇ ಐದಕ್ಕೂ ಹಂಚಿ ಮುಚ್ಚಳ ಒತ್ತಿಬಿಡುವನು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಅಡಿವೆಪ್ಪ ಹಾಸಿಗೆ ಸವೆದೀತೆಂದು ಅದನ್ನು ಸುತ್ತಿಟ್ಟು ನೆಲದ ಮೇಲೆ ಮಲಗುವ ಮಟ್ಟಕ್ಕೆ ಬಂದ.

ಒಂದು ದಿನ ಅಂಗಳ ಗುಡಿಸಿ ಬಂದು ಅಜ್ಜಾರ ಎದುರು ಕೂತ.

"ಅಜ್ಜಾರ, ಒಂದ್ ಮಾತ ಕೇಳ್ಲೇನ್ರಿ?"

"ಕೇಳು."

"ಮನಷ್ಯಾಗ ಎಷ್ಟ ಇದ್ರ ಸಾಕ್ರಿ?"

"ಯಾಕಪಾ, ನಿನ್ನ ಡಬ್ಬಿ ತುಂಬ್ಯಾವೇನು?"

"ತುಂಬಾಕತ್ತಾವ್ರಿ. ಆದ್ರ ತುಂಬಿದಷ್ಟೂ ಕಡಿಮಿ ಅನಸ್ತೈತಿ. ಮುಂಜಾನೆ ಎದ್ದ ಕೂಡ್ಲೆ ಎಣಸ್ತೀನಿ. ಎಣಿಸಿ ಮುಚ್ಚಿಟ್ಟು, ತಪ್ಪಿತೇನೋ ಅಂತ ಮತ್ತ ಎಣಸ್ತೀನಿ."

ಅಡಿವೆಪ್ಪ ಇನ್ನಷ್ಟು ಹತ್ತಿರ ಸರಿದು ಕೂತ.

"ಇನ್ನೊಂದು ಐತ್ರಿ. ಪಾರಿವಾಳಕ್ಕ ದಿನಾ ಒಂದ್ ಬೊಗಸಿ ಜ್ವಾಳ ಬೇಕು. ಅದಕ್ಕ ಯಾವ ಡಬ್ಬಿನೂ ಇಲ್ಲ. ಊಟದ್ದರಾಗ ತಗದ್ರ ಊಟಕ್ಕ ಕಡಿಮಿ, ಮುಂದಿನದರಾಗ ತಗದ್ರ ಮುಂದಕ್ಕ ಕಡಿಮಿ. ಮಾರಿಬಿಡಬೇಕು ಅಂತ ಮಾಡೀನ್ರಿ."

ಇದನ್ನು ಹೇಳುವಾಗ ಅವನು ಹೊಳೆಯ ಕಡೆ ಮುಖ ತಿರುಗಿಸಿದ. ಲೆಕ್ಕದ ಮಾತಿಗೆ ಮುಖ ಯಾಕೆ ತಿರುಗಿಸಬೇಕೆಂದು ಅವನಿಗೇ ತಿಳಿಯಲಿಲ್ಲ.

ಅಜ್ಜಾರು ಗೂಟಕ್ಕೆ ತೂಗುಹಾಕಿದ್ದ ಜೋಳಿಗೆಯನ್ನು ತೆಗೆದು ಅವನ ಮುಂದೆ ಹಾಕಿದರು. ಭಿಕ್ಷೆಗೆ ಹೋಗುವಾಗ ಹೆಗಲಿಗೆ ಹಾಕುವ ಹಳೆಯ ಚೀಲ. ಮೂಲೆಯಲ್ಲಿ ಹರಿದಿತ್ತು.

"ಹೊಸಾದೊಂದು ಹೊಲಕೊಂಡ ಬಾ. ಆಮ್ಯಾಲ ಹೇಳ್ತೀನಿ."

ಅಡಿವೆಪ್ಪನಿಗೆ ಹಿಗ್ಗು. ಗುರುವಿನ ಜೋಳಿಗೆ ಹೊಲಿಯುವ ಭಾಗ್ಯ ಯಾವ ಟೇಲರನಿಗೆ ಸಿಗುತ್ತದೆ? ಗಟ್ಟಿ ಕಾವಿ ಬಟ್ಟೆ ತಂದ. ಕತ್ತರಿಸುವಾಗ ಅವನಿಗೊಂದು ವಿಚಾರ ಹೊಳೆಯಿತು.

ಅಜ್ಜಾರ ಮಠದ ಪದ್ಧತಿ ಹೀಗಿತ್ತು: ದಿನಕ್ಕೆ ಐದೇ ಮನೆ. ಬಾಗಿಲಲ್ಲಿ ನಿಲ್ಲುವುದು, ಬಾಯಿಬಿಟ್ಟು ಕೇಳುವುದಿಲ್ಲ. ಅಕ್ಕಿ, ಬೇಳೆ, ಜೋಳ, ಮೆಣಸಿನಕಾಯಿ, ಹಾಕಿದ್ದೆಲ್ಲ ಒಂದೇ ಚೀಲದಲ್ಲಿ ಬೀಳುವುದು. ಬಂದು ಎಲ್ಲ ಕೂಡಿಸಿ ಬೇಯಿಸಿ, ಬಂದವರಿಗೂ ಬಡಿಸಿ ಉಣ್ಣುವುದು. ಉಳಿದರೆ ಹೊಳೆಯ ಮೀನಿಗೆ. ನಾಳೆಗೆಂದು ಒಂದು ಕಾಳೂ ಇಡುವುದಿಲ್ಲ.

ಇಷ್ಟು ವರ್ಷ ಅಜ್ಜಾರು ಕಲಬೆರಕೆ ಉಂಡದ್ದು ಸಾಕು ಎಂದುಕೊಂಡ ಅಡಿವೆಪ್ಪ, ಜೋಳಿಗೆಯೊಳಗೆ ಸಾಲಾಗಿ ಕಿಸೆ ಇಟ್ಟ. ಅಕ್ಕಿಗೆ ಒಂದು, ಬೇಳೆಗೆ ಒಂದು, ಜೋಳಕ್ಕೆ ಒಂದು, ಮೆಣಸಿನಕಾಯಿಗೆ ಒಂದು. ಎಲ್ಲಕ್ಕೂ ಕೆಳಗೆ ಗುಂಡಿ ಹಚ್ಚಿದ ದೊಡ್ಡ ಕಿಸೆ.

"ಇದು ಯಾತಕ್ಕೋ?" ಅಜ್ಜಾರು ಗುಂಡಿ ಬಿಚ್ಚಿ ನೋಡುತ್ತ ಕೇಳಿದರು.

"ನಾಳಿಗ್ರಿ."

"ಚಲೋ ಹೊಲದಿ. ಹೊಲಿಗಿ ಟಾಕಿ ಭಾಳ ಸಣ್ಣ ಬಿದ್ದಾವು."

ಮರುದಿನ ಅಜ್ಜಾರು ಹೊಸ ಜೋಳಿಗೆ ಹಾಕಿಕೊಂಡು ಹೊರಟರು. ಅಡಿವೆಪ್ಪ ಅಂಗಡಿಗೆ ರಜೆ ಹೇಳಿ ಬೆನ್ನಿಗೆ ಹೋದ.

ಮೊದಲ ಮನೆಯವಳು ಬೊಗಸೆ ತುಂಬ ಅಕ್ಕಿ ತಂದಳು. ಅಡಿವೆಪ್ಪ ಕಿಸೆ ಅಗಲಿಸಿ ಹಿಡಿದ. "ಇಲ್ಲಿ ಹಾಕವ್ವಾ." ಹಾಕಿದಳು. ಅದರಲ್ಲಿ ಅರ್ಧ ತೆಗೆದು ಕೆಳಗಿನ ಕಿಸೆಗೆ ಹಾಕಿ ಗುಂಡಿ ಹಚ್ಚಿದ. ಹೆಣ್ಣುಮಗಳು ನೋಡುತ್ತ ನಿಂತಳು.

ಎರಡನೆಯ ಮನೆಯಲ್ಲಿ ಅಕ್ಕಿ ಬೇಳೆ ಕೂಡಿಸಿ ತಂದಿದ್ದರು. ಅವನು ಕಟ್ಟೆಯ ಮೇಲೆ ಕೂತು ಬೇರೆ ಮಾಡಿದ. ಬಿಸಿಲು ಏರಿತು. ಅಜ್ಜಾರು ನಿಂತೇ ಇದ್ದರು.

ಮೂರನೆಯದು ಶಾಂತವ್ವ ಎಂಬ ಮುದುಕಿಯ ಮನೆ. ಆಕೆ ಒಲೆಯಿಂದ ಆಗಷ್ಟೇ ತೆಗೆದ ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟುಕೊಂಡು ಬಂದಳು. ಅಜ್ಜಾರು ಅಡಿವೆಪ್ಪನ ಮುಖ ನೋಡಿದರು.

ಅಡಿವೆಪ್ಪ ಜೋಳಿಗೆಯೊಳಗೆ ನೋಡಿದ. ರೊಟ್ಟಿಗೆ ಕಿಸೆ ಇರಲಿಲ್ಲ. ಅಕ್ಕಿಯದರಲ್ಲಿ ಹಾಕಿದರೆ ಅಕ್ಕಿಗೆಲ್ಲ ಚಟ್ನಿ.

"ರೊಟ್ಟಿಗೆ ಜಾಗ ಇಲ್ಲವ್ವಾ," ಎಂದು ಅಜ್ಜಾರೇ ಹೇಳಿದರು. ಮುದುಕಿ ಸಪ್ಪೆ ಮೋರೆ ಮಾಡಿಕೊಂಡು ಒಳಗೆ ಹೋದಳು. ಆ ಬಿಸಿ ರೊಟ್ಟಿಯ ವಾಸನೆ ಅಡಿವೆಪ್ಪನ ಮೂಗಿನಲ್ಲಿ ಮಠದವರೆಗೂ ಉಳಿಯಿತು.

ಅಂದು ಇಬ್ಬರ ಊಟ ಅರೆಹೊಟ್ಟೆ.

"ನಾಳಿನ ಕಿಸೆ ತುಂಬೇತ್ರಿ," ಎಂದ ಅಡಿವೆಪ್ಪ, ಸಮಾಧಾನಕ್ಕೆ.

"ಹೂಂ. ನನ್ನ ಹೊಟ್ಟಿ ಇನ್ನೂ ಇವತ್ತಿನದರಾಗ ಐತಿ."

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ತಿಳಿಯುತ್ತಿತ್ತು. ಅಡಿವೆಪ್ಪ ಟೇಲರ್. ಅವನು ರೊಟ್ಟಿಗೊಂದು ಅಗಲವಾದ ಕಿಸೆ ಹೊಲಿದ.

ಮರುದಿನ ಶಾಂತವ್ವ ಪೇರಲ ಹಣ್ಣು ತಂದಳು.

"ಪೇರಲಕ್ಕೊಂದು ಹಚ್ಚಲೇನ್ರಿ?" ಎಂದು ಹಾದಿಯಲ್ಲಿ ಕೇಳಿದ.

"ಹಚ್ಚು. ಸಾಯೂತನಕ ಹಚ್ಚಕೋತ ಹೋಗು," ಎಂದು ಅಜ್ಜಾರು ನಕ್ಕರು.

ಆ ಶನಿವಾರ ಅಡಿವೆಪ್ಪ ಪಾರಿವಾಳ ಮಾರಿದ. ಹೊಳೆಯ ಆಚೆ ದಡದಲ್ಲಿ ಸೈಕಲ್ ರಿಪೇರಿ ಮಾಡುವ ಹುಸೇನಸಾಬರು ಕೊಂಡರು. ಅವರೂ ಪಾರಿವಾಳದ ಹುಚ್ಚಿನವರೇ.

"ಮನಸ ಗಟ್ಟಿ ಐತೇನೋ?" ಎಂದು ಕೇಳಿದರು.

"ಐತ್ರಿ."

ಬಂದ ರೊಕ್ಕವನ್ನು ಮುಂದಿನ ಕಾಲದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಡಬ್ಬಿ ತುಂಬಿತ್ತು. ಸಂಜೆ ಮಾಳಿಗೆಗೆ ಹೋದರೆ ಖಾಲಿ ಗೂಡು. ಬೊಗಸೆಯಲ್ಲಿ ಜೋಳ ಹಿಡಿದುಕೊಂಡೇ ಬಂದಿದ್ದ, ರೂಢಿ. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತ. ಕಣ್ಣಲ್ಲಿ ನೀರು ಬಂತು.

ಮರುದಿನ ಅಂಗಡಿಯಲ್ಲಿ ಒಂದು ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿದ. ಮಾಲಕರು ಅಂಗಿಯನ್ನು ಎತ್ತಿ ಹಿಡಿದು, ಇದನ್ನು ಯಾರಿಗೆ ಹೊಲಿದಿಯಪ್ಪಾ ಎಂದು ಕೇಳಿದರು.

ವಾರ ಕಳೆಯಿತು. ಒಂದು ಸಂಜೆ ಗೂಡಿನೊಳಗೆ ಗುಟುರ್ ಗುಟುರ್ ದನಿ ಕೇಳಿಸಿತು. ಬೂದು ಗಂಡು, ಬಿಳಿ ಹೆಣ್ಣು. ಹೊಸ ಮನೆ ರೂಢಿಯಾಗುವವರೆಗೆ ಹಾರದಿರಲೆಂದು ರೆಕ್ಕೆಗೆ ಕಟ್ಟಿದ್ದ ದಾರವನ್ನು ಹುಸೇನಸಾಬರು ಅಂದೇ ಬಿಚ್ಚಿದ್ದರು. ಅವು ಒಂದು ಸುತ್ತು ಹಾಕಿ, ನೆಟ್ಟಗೆ ಹೊಳೆ ದಾಟಿ ಬಂದಿದ್ದವು.

ಅಡಿವೆಪ್ಪ ಪ್ರಾಮಾಣಿಕ. ಬುಟ್ಟಿಯಲ್ಲಿ ಹಾಕಿಕೊಂಡು ದೋಣಿ ಹತ್ತಿ ಕೊಟ್ಟು ಬಂದ. ಮೂರು ದಿನಕ್ಕೆ ಮತ್ತೆ ಬಂದವು. ಮತ್ತೆ ಕೊಟ್ಟು ಬಂದ. ಮತ್ತೂ ಬಂದವು. ಅವಕ್ಕೆ ದೋಣಿಯ ಖರ್ಚಿಲ್ಲ, ಇವನಿಗಿತ್ತು.

ಮಠಕ್ಕೆ ಓಡಿ ಬಂದ.

"ಅಜ್ಜಾರ, ಪಾರಿವಾಳ ಮತ್ತ ಬಂದಾವ್ರಿ. ಮಾರಿದ್ದು. ಅವು ಈಗ ಹುಸೇನಸಾಬರವು."

"ಅದು ಅವಕ್ಕ ಗೊತ್ತೈತೇನು?"



ಸಂಜೆಗೆ ಹುಸೇನಸಾಬರೇ ಮಾಳಿಗೆ ಹತ್ತಿ ಬಂದರು. ಏದುಸಿರು ಬಿಡುತ್ತ ಗೂಡಿನ ಪಕ್ಕ ಕೂತರು.

"ಅಡಿವೆಪ್ಪಾ, ಹಕ್ಕಿಯಂತೂ ನನ್ನ ಕಡೆ ನಿಲ್ಲಂಗಿಲ್ಲ. ಇನ್ನ ರೆಕ್ಕಿ ಕತ್ತರಿಸಬೇಕು. ನನಗ ಮನಸಿಲ್ಲ. ನೀನ ಹೇಳು, ಏನ್ ಮಾಡೂಣು?"

ಅಡಿವೆಪ್ಪ ಒಳಗೆ ಹೋದ. ಮುಂದಿನ ಕಾಲದ ಡಬ್ಬಿ ತೆಗೆದ. ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿಕೆಯಿಂದ ಮೀಟಬೇಕಾಯಿತು. ಹುಸೇನಸಾಬರು ಕೊಟ್ಟದ್ದನ್ನು ತೆಗೆದು ತಂದು ಅವರ ಕೈಗಿಟ್ಟ. ಅವರು ಅಲ್ಲೇ ಒಂದು ನೋಟು ಬೇರೆ ಮಾಡಿ ಹಿಂದಕ್ಕೆ ಕೊಟ್ಟರು.

"ಇದ್ಯಾಕ್ರಿ?"

"ವಾರಗಟ್ಟಲೆ ನನ್ನ ಮನಿಯಾಗ ಇದ್ವಲ್ಲೋ. ನೋಡಿ ಸಂತೋಷ ಪಟ್ಟೀನಿ. ಜ್ವಾಳಕ್ಕಿರಲಿ."

ಅವರು ಇಳಿದು ಹೋದ ಮೇಲೆ ಅಡಿವೆಪ್ಪ ಗೂಡಿನ ಬಾಗಿಲು ತೆಗೆದ. ಎರಡೂ ಹಾರಿದವು. ಹೊಳೆಯ ಮೇಲೆ ಸುತ್ತು ಹಾಕಿದವು, ಮಠದ ಬೇವಿನ ಮರದ ಮೇಲೆ ಹಾಯ್ದವು, ತಿರುಗಿ ಬಂದು ಅವನ ಮುಂದೆ ಇಳಿದವು. ಅವನು ಬೊಗಸೆಯ ಜೋಳ ಚೆಲ್ಲಿ ಅಲ್ಲೇ ಕೂತ. ಕತ್ತಲಾದದ್ದು ಅವನಿಗೆ ತಿಳಿಯಲಿಲ್ಲ. ಅಂದು ಅವನು ಹಾಸಿಗೆ ಬಿಚ್ಚಿ ಹಾಸಿಕೊಂಡು ಮಲಗಿದ.

ಬೆಳಿಗ್ಗೆ ಮಠಕ್ಕೆ ಹೋದಾಗ ಜೋಳಿಗೆ ಗೂಟದಲ್ಲಿತ್ತು. ಕೇಳದೆಯೇ ತೆಗೆದುಕೊಂಡು, ಕಟ್ಟೆಯ ಮೇಲೆ ಕೂತು ಕಿಸೆಗಳ ಹೊಲಿಗೆ ಬಿಚ್ಚತೊಡಗಿದ. ಹೊಲಿಯುವುದಕ್ಕಿಂತ ಬಿಚ್ಚುವುದು ತಡವಾಯಿತು, ಟಾಕಿ ಅಷ್ಟು ಸಣ್ಣ. ನಾಳಿನ ಕಿಸೆಯ ತಳದಲ್ಲಿ ಹಳೆಯ ಅಕ್ಕಿ ಅಂಟಿಕೊಂಡಿತ್ತು, ನುಸಿ ಹಿಡಿದಿತ್ತು. ಹೊಳೆಗೆ ಝಾಡಿಸಿ ಬಂದ.

"ನಿನ್ನೆ ಡಬ್ಬಿಯಿಂದ ರೊಕ್ಕ ಹೋತ್ರಿ," ಎಂದ. "ಹೋದದ್ದಕ್ಕ ದುಃಖ ಆಗಬೇಕಿತ್ತು. ಆಗ್ಲಿಲ್ಲ. ತಪ್ಪೇನ್ರಿ?"

"ತಪ್ಪು ಯಾಕ ಅಕ್ಕೈತಿ?"

"ಹಂಗಾರ ಡಬ್ಬಿ ಎಲ್ಲಾ ಒಗದಬಿಡ್ಲೇನ್ರಿ?"

"ಹುಚ್ಚಪ್ಪಾ, ಬಾಡಿಗಿ ಡಬ್ಬಿ ಇರಲಿ. ನಿನ್ನ ಮನಿ ಮಾಲಕ ಜೋಳಿಗಿ ಹಾಕ್ಕೊಂಡ ಬರೂದಿಲ್ಲ. ನಿಮ್ಮವ್ವಂದೂ ಇರಲಿ."

"ಮುಂದಿಂದು?"

"ಅದೂ ಇರಲಿ, ಪಾಪ. ಅದೇನ್ ಮಾಡೇತಿ ನಿನಗ?"

"ಪಾರಿವಾಳಕ್ಕ ಒಂದು ಹೊಸಾ ಡಬ್ಬಿ ತರ್ಲೇನ್ರಿ?"

"ಬ್ಯಾಡ. ಜ್ವಾಳ ತರೂವಾಗ ಕೈಗೆ ಯಾವುದ ಸಿಗತೈತಿ, ಅದರ ಮುಚ್ಚಳ ತಗಿ."

ಅಡಿವೆಪ್ಪ ಕೊನೆಯ ದಾರ ಕಿತ್ತು, ಜೋಳಿಗೆಯನ್ನು ಒಳಗು ಹೊರಗು ಮಾಡಿ ನೋಡಿದ. ಒಂದೇ ಚೀಲ. ಅಜ್ಜಾರ ಹೆಗಲಿಗೆ ಹಾಕಿದ. ಅವರು ಶಾಂತವ್ವನ ಓಣಿಯ ಕಡೆ ಹೊರಟರು. ಎರಡು ಹೆಜ್ಜೆ ಹೋದ ಮೇಲೆ ಅವನಿಗೆ ನೆನಪಾಯಿತು.

"ಅಜ್ಜಾರ, ಜೋಳಿಗಿ ಹೊಲದ ಮ್ಯಾಲ ಹೇಳ್ತೀನಿ ಅಂದಿದ್ರಿ. ಎಷ್ಟ ಇದ್ರ ಸಾಕು ಅಂತ."

ಅಜ್ಜಾರು ನಿಂತರು.

"ನಿನ್ನೆ ಸಂಜಿಗೆ ಅವು ಹಾರಿ ಬಂದು ನಿನ್ನ ಮುಂದ ಇಳದಾಗ, ನಿನ್ನ ಡಬ್ಬಿಯೊಳಗ ಎಷ್ಟ ಉಳದಿತ್ತು?"

ಅಡಿವೆಪ್ಪ ಬೆರಳು ಮಡಚಿ ಲೆಕ್ಕ ಹಾಕಹೋದ. ನಿನ್ನೆಯೂ ಎಣಿಸಿರಲಿಲ್ಲ, ಇವತ್ತು ಬೆಳಿಗ್ಗೆಯೂ ಎಣಿಸಿರಲಿಲ್ಲ.

"ಗೊತ್ತಿಲ್ರಿ."

"ಅಷ್ಟ ಇದ್ರ ಸಾಕು."