ಬೆನ್ನುಗಲ್ಲು

ತೊಂಡಿಗಟ್ಟದಿಂದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಗುಂಡುಬಂಡೆಗಳ ಗುಡ್ಡವೊಂದು ಸಿಗುತ್ತದೆ. ಅದರ ಮಗ್ಗುಲಲ್ಲಿ, ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಇಕ್ಕಟ್ಟಾದ ಕೊಳ್ಳವಿದೆ. ಒಳಗೆಲ್ಲ ಈಚಲ ಪೊದೆ. ಕೊನೆಯಲ್ಲಿ ನೆಟ್ಟಗೆ ನಿಂತ ಕರಿಬಂಡೆ. ಅಲ್ಲಿಗೆ ದಾರಿ ಮುಗಿಯಿತು. ಆ ಬಂಡೆಯನ್ನು ಊರವರು ಬೆನ್ನುಗಲ್ಲು ಎನ್ನುತ್ತಾರೆ. ನೋಡಲು ಅದೇನೂ ಬೆನ್ನಿನ ಹಾಗಿಲ್ಲ. ಹೆಸರು ಬಂದದ್ದು ಬೇರೆ ಕಾರಣಕ್ಕೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದಾಗ, ಗಾಳೆವ್ವನೆಂಬ ಹೆಂಗಸು ಇಲ್ಲಿಯ ಈಚಲ ಗರಿಯಿಂದ ಚಾಪೆ ಹೆಣೆದು ಬದುಕುತ್ತಿದ್ದಳಂತೆ. ಒಂದು ಮಧ್ಯಾಹ್ನ ಗರಿಯ ಹೊರೆ ಹೊತ್ತು, ಕೊಯ್ದ ಕುಡುಗೋಲು ಕೈಯಲ್ಲಿ ಹಿಡಿದು ಹೊರಗೆ ಬರುತ್ತಿದ್ದವಳು ಕೊಳ್ಳದ ಬಾಯಲ್ಲಿ ನಿಂತುಬಿಟ್ಟಳು. ಸುಂಕದ ಕಟ್ಟೆಯ ಕಾವಲುಗಾರ ಜಡಿಯಪ್ಪ ಒಬ್ಬ ದಾರಿಹೋಕನ ಹೆಣವನ್ನು ಕಲ್ಲಿನ ಸಂದಿಗೆ ತುರುಕುತ್ತಿದ್ದ. ತಲೆಯೆತ್ತಿ ಅವಳನ್ನು ಕಂಡವನೇ ಪಕ್ಕದಲ್ಲಿದ್ದ ಕೊಡಲಿ ತೆಗೆದುಕೊಂಡ. “ಯಣ್ಣಾ, ನಾ ಏನೂ ನೋಡಿಲ್ಲ. ದಾರಿ ಬಿಡು, ಮನಿಗೆ ಹೋಗ್ತೀನಿ” ಎಂದಳು. ಅವನು ಕೊಡಲಿ ಹಿಡಿದೇ ಒಳಗೆ ಬಂದ. ಅವಳು ಹೊರೆ ಬಿಸಾಡಿ ಹಿಂದೆ ಹಿಂದೆ ಸರಿದಳು. ಕೂಗಿದರೆ ಅವಳ ದನಿಯೇ ಬಂಡೆಗೆ ಬಡಿದು ತಿರುಗಿ ಬರುತ್ತಿತ್ತು. ಮುಳ್ಳು ಕಾಲಿಗೆ ಚುಚ್ಚಿದ್ದೂ ತಿಳಿಯಲಿಲ್ಲ. ಕೊನೆಗೆ ತಣ್ಣನೆಯ ಕಲ್ಲು ಬೆನ್ನಿಗೆ ತಾಗಿತು. ಅವನು ಕೊಡಲಿ ಎತ್ತಿದ. ಅವಳು ಕಣ್ಣು ಮುಚ್ಚಿ ಕೈಯಲ್ಲಿದ್ದ ಕುಡುಗೋಲನ್ನು ಬೀಸಿದಳು. ಕಣ್ಣು ಬಿಟ್ಟಾಗ ಅವನು ಕತ್ತು ಹಿಡಿದುಕೊಂಡು ಕುಸಿದಿದ್ದ, ಕೊಡಲಿ ಕೆಳಗೆ ಬಿದ್ದಿತ್ತು. ಗಾಳೆವ್ವ ಸೆರಗು ಹರಿದು ಅವನ ಕತ್ತಿಗೆ ಒತ್ತಿ ಹಿಡಿದಳು. ರಕ್ತ ನಿಲ್ಲಲಿಲ್ಲ.

ಅವಳು ಎಲ್ಲಿಗೂ ಓಡಿಹೋಗದೆ, ಕೆಂಪಾದ ಕೈಯಲ್ಲೇ ಊರಿಗೆ ಬಂದು ನಡೆದದ್ದನ್ನು ಹೇಳಿದಳು. ಜಡಿಯಪ್ಪನ ಅಣ್ಣ ಮಾತ್ರ ದಾರಿಹೋಕನನ್ನು ಕೊಂದವಳೂ ಇವಳೇ, ತಡೆಯಲು ಹೋದ ತಮ್ಮನನ್ನೂ ಕೊಂದಳು ಎಂದು ಪಾಳೆಯಗಾರನ ಮುಂದೆ ದೂರಿದ. ಕೊಲೆಗೆ ಶೂಲವೇ ಶಿಕ್ಷೆಯಾಗಿದ್ದ ಕಾಲವದು.

ಪಾಳೆಯಗಾರ ಇಬ್ಬರನ್ನೂ ಕರೆದುಕೊಂಡು ತಾನೇ ಕೊಳ್ಳಕ್ಕೆ ಬಂದ. ಸಂದಿಯಲ್ಲಿದ್ದ ಹೆಣವನ್ನು ತೆಗೆಸಿ ನೋಡಿದ. ಅದರ ತಲೆ ಸೀಳಿದ್ದು ಕೊಡಲಿ, ಕುಡುಗೋಲಲ್ಲ. ಆಮೇಲೆ ಗಾಳೆವ್ವನನ್ನು ಕೊಳ್ಳದೊಳಗೆ ನಿಲ್ಲಿಸಿ, ಅದೇ ಕೊಡಲಿ ಹಿಡಿದು, ಒಂದು ಮಾತೂ ಹೇಳದೆ, ಅವಳ ಮೇಲೆ ನಡೆದುಬಂದ. ಪರೀಕ್ಷೆಯೆಂದು ಅವಳಿಗೇನು ಗೊತ್ತು? ಕೈ ಮುಗಿದುಕೊಂಡೇ ಹಿಂದೆ ಸರಿದಳು. ಬೆನ್ನು ಕಲ್ಲಿಗೆ ತಾಗಿದ್ದೇ ಚೀರಿ ಮುಖ ಮುಚ್ಚಿಕೊಂಡಳು. ಅವನು ಕೊಡಲಿ ಕೆಳಗಿಟ್ಟು ಕೇಳಿದ:

“ಅವನು ಒಳಗೆ ಬಂದಾಗಲೇ ಕುಡುಗೋಲು ನಿನ್ನ ಕೈಯಲ್ಲಿತ್ತು. ಆಗಲೇ ಯಾಕೆ ಬೀಸಲಿಲ್ಲ?”

“ಆವಾಗ ನನ್ನ ಹಿಂದ ಇನ್ನೂ ಜಾಗ ಇತ್ತು, ದೊರೀ.”

“ಬಿದ್ದ ಮೇಲೆ ಮತ್ತೊಂದು ಏಟು ಯಾಕೆ ಹಾಕಲಿಲ್ಲ?”

“ಕೊಡ್ಲಿ ಕೆಳಗ ಬಿದ್ದಿತ್ತು.”

ಪಾಳೆಯಗಾರ ಜಡಿಯಪ್ಪನ ಅಣ್ಣನ ಕಡೆ ತಿರುಗಿ, ಹಿಂದೆ ಹೆಜ್ಜೆಯಿಡಲು ನೆಲವಿಲ್ಲದವಳು ಜೀವ ಉಳಿಸಿಕೊಳ್ಳಲು ಎತ್ತಿದ ಕೈ ಇದು, ಇದಕ್ಕೆ ಕೊಲೆಯೆಂಬ ಹೆಸರಿಲ್ಲ ಎಂದು ತೀರ್ಪು ಕೊಟ್ಟ. ಮುಂದೆ ಈ ಸೀಮೆಯಲ್ಲಿ ಅಂಥ ವ್ಯಾಜ್ಯ ಬಂದಾಗಲೆಲ್ಲ, ‘ಬೆನ್ನಿಗೆ ಕಲ್ಲು ತಾಗಿತ್ತೇ?’ ಎಂದೇ ಮೊದಲು ಕೇಳುತ್ತಿದ್ದರಂತೆ. ಬಂಡೆಗೆ ಹೆಸರು ನಿಂತದ್ದು ಹೀಗೆ.

ಗಾಳೆವ್ವನ ಜೀವ ಉಳಿಯಿತು, ಹೆದರಿಕೆ ಹೋಗಲಿಲ್ಲ. ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದರೆ, ಹೆಣೆಯುತ್ತಿದ್ದ ಚಾಪೆ ಬಿಟ್ಟು ಗೋಡೆಗೆ ಒರಗಿಬಿಡುತ್ತಿದ್ದಳು ಎನ್ನುತ್ತಾರೆ.

ಈಗ ನೋಡಲು ಹೋದವರಿಗೆ ಅಲ್ಲಿ ಗುಡಿಯಾಗಲಿ ಶಾಸನವಾಗಲಿ ಸಿಗುವುದಿಲ್ಲ. ಬಂಡೆಗೆ ಬೆನ್ನು ಕೊಟ್ಟು ನಿಂತರೆ ಕೊಳ್ಳದ ಬಾಯಿ ಬೆಳಕಿನ ಒಂದು ಸೀಳಿನಂತೆ ಕಾಣುತ್ತದೆ. ಅಲ್ಲಿ ಯಾರಾದರೂ ಬಂದು ನಿಂತರೆ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಗರಿ ಕೊಯ್ಯುವ ಹೆಂಗಸರು ಇವತ್ತಿಗೂ ಅಲ್ಲಿಗೆ ಒಂಟಿಯಾಗಿ ಹೋಗುವುದಿಲ್ಲ. ಒಬ್ಬಳು ಒಳಗೆ ಕೊಯ್ಯುತ್ತಿದ್ದರೆ ಇನ್ನೊಬ್ಬಳು ಹೊರಗೆ ಕಲ್ಲಿನ ಮೇಲೆ ಕೂತು, ಕೊಯ್ಯುವುದು ಮುಗಿಯುವ ತನಕ ಅವಳ ಹೆಸರು ಹಿಡಿದು ಕರೆಯುತ್ತಲೇ ಇರುತ್ತಾಳೆ.