ನಿಲ್ಲದ ಕೆಂಪು, ಸತ್ತ ನೀಲಿ

"ಗುರುಗಳೇ, ಕಲಿಸುವವಳಿಗೆ ಕಲಿಸುವವರು ಯಾರು?"

ನೀಲಗಂಗಾ ಕೇಳಿದ್ದು ಪ್ರಶ್ನೆಯಂತಿರಲಿಲ್ಲ, ಜಗಳಕ್ಕೆ ನಿಂತಂತಿತ್ತು. ಅವಳು ಶಾಲೆಯೊಂದರಲ್ಲಿ ಚಿತ್ರಕಲೆಯ ಶಿಕ್ಷಕಿ. ಅವಳ ಮಕ್ಕಳು ಹಚ್ಚಿದ ಜಲವರ್ಣ ಯಾವಾಗಲೂ ಕೆಸರಾಗುತ್ತಿತ್ತು. ಯಾಕೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

"ವರ್ಷವರ್ಷವೂ ತರಬೇತಿಗೆ ಕರೆಯುತ್ತಾರೆ. ಗಣಿತದವರಿಗೂ ಆಟದ ಮೇಷ್ಟರಿಗೂ ನನಗೂ ಒಂದೇ ಪಾಠ. ಕುಂಚದ ಸುದ್ದಿಯೇ ಇಲ್ಲ. ಕೇಳಿದರೆ, ಚಿತ್ರದವರು ಎಷ್ಟು ಜನ ಇದ್ದೀರಮ್ಮ ಎಂದು ನಗುತ್ತಾರೆ. ಹಿಂದಿನ ಬೆಂಚಿನಲ್ಲಿ ನಾನು, ಪಕ್ಕದ ತಾಲ್ಲೂಕಿನ ಡ್ರಾಯಿಂಗ್ ಮೇಷ್ಟರು ಕೂತು ಸಂಜೆಯವರೆಗೆ ಅವರನ್ನು ಬೈಯುವುದೇ ಆಯಿತು. ಈ ಕೆಲಸವನ್ನೇ ಬಿಡುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಕಲಿಸಲಾರೆ."

ಗುರು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. "ನಿನ್ನ ಸಿಟ್ಟು ನ್ಯಾಯವಾದದ್ದೇ" ಎಂದು ಕತೆ ಶುರುಮಾಡಿದರು.

ಒಂದು ರಾಜ್ಯದಲ್ಲಿ ಮಂತ್ರಿಯೊಬ್ಬ ಕಸುಬುದಾರರನ್ನೆಲ್ಲ ತಿದ್ದಬೇಕೆಂದು ಹೊರಟ. ಕಮ್ಮಾರ, ಕುಂಬಾರ, ನೇಕಾರ, ಎಲ್ಲರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿದ. ಗಿರಾಕಿಗೆ ಹೇಗೆ ಕೈಮುಗಿಯಬೇಕು, ಅಂಗಡಿ ಹೇಗೆ ಗುಡಿಸಬೇಕು ಎಂದು ಒಬ್ಬ ಪಂಡಿತನಿಂದ ಪಾಠ ಹೇಳಿಸಿದ.

ಅಲ್ಲಿಗೆ ಒಬ್ಬ ಬಣ್ಣಗಾರ ಬಂದಿದ್ದ. ಅವನು ಬಟ್ಟೆಗೆ ಹಾಕಿದ ಕೆಂಪು ಒಗೆದರೆ ಹೋಗುತ್ತಿತ್ತು. ಅವನು ಎದ್ದು ನಿಂತು ಪಂಡಿತನಿಗೆ ಹೇಳಿದ.

"ಸ್ವಾಮಿ, ನನ್ನ ಕೆಂಪು ಬಟ್ಟೆಯಲ್ಲಿ ನಿಲ್ಲುತ್ತಿಲ್ಲ."

"ಅದು ನಿನ್ನೊಬ್ಬನ ಗೋಳು. ಇಲ್ಲಿ ಹೇಳುವುದು ಎಲ್ಲರಿಗೂ ಬೇಕಾದದ್ದು."

"ಆ ಎಲ್ಲರಲ್ಲಿ ನಾನಿಲ್ಲವೇ, ಸ್ವಾಮಿ?"

ಚಾವಡಿ ನಕ್ಕಿತು. ಬಣ್ಣಗಾರ ಕೂತ.

ಅವನ ಪಕ್ಕದಲ್ಲೇ ಇನ್ನೊಂದು ಊರಿನ ಬಣ್ಣಗಾರನಿದ್ದ. ಅವನು ನೀಲಿ ಹುದುಗಿಸುವ ಮಣ್ಣಿನ ಬಾನಿಯಲ್ಲಿ ಹುದುಗು ಕೆಟ್ಟು ಬಣ್ಣ ಸಾಯುತ್ತಿತ್ತು. ಅವನೂ ಎದ್ದು ಕೇಳಿದ, ಅದೇ ಉತ್ತರ ಪಡೆದು ಕೂತ.

ಬಟ್ಟೆಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ ನೆನೆಸಿದರೆ ಕೆಂಪು ಹಿಡಿಯುತ್ತದೆ ಎಂಬುದು ನೀಲಿಯವನಿಗೆ ಗೊತ್ತಿತ್ತು. ಬಾನಿಯನ್ನು ಬೂದಿಯಲ್ಲಿ ಹೂತು ಬೆಚ್ಚಗಿಟ್ಟರೆ ನೀಲಿ ಬದುಕುತ್ತದೆ ಎಂಬುದು ಕೆಂಪಿನವನಿಗೆ ಗೊತ್ತಿತ್ತು. ಆದರೆ ಬಾನಿಯ ಗುಟ್ಟನ್ನು ಮಗನಿಗಲ್ಲದೆ ಮತ್ತೊಬ್ಬ ಬಣ್ಣಗಾರನಿಗೆ ಹೇಳುವುದು ಅವರ ಪದ್ಧತಿಯಲ್ಲ. ತನಗೆ ಬಾರದ್ದನ್ನು ಇನ್ನೊಬ್ಬ ಬಣ್ಣಗಾರನ ಮುಂದೆ ಕೈಚಾಚಿ ಕೇಳುವುದಂತೂ ಅವಮಾನ.

ಪಾಠ ಮುಗಿಯಿತು. ಇಬ್ಬರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಂಚಿಕೊಂಡರು. ಪಂಡಿತನನ್ನು ಬೈದರು, ಮಂತ್ರಿಯನ್ನು ಬೈದರು. ಬೈಯುತ್ತ ಬೈಯುತ್ತ ಗೆಳೆಯರಾದರು. ಮನೆಗೆ ಹೋದರು.

ಆ ವರ್ಷದ ಮದುವೆಯೊಂದರಲ್ಲಿ ಮದುಮಗಳ ಸೀರೆಯ ಕೆಂಪು ಅವಳ ಮೈಗೆಲ್ಲ ಇಳಿಯಿತು. ಕೆಂಪಿನವನ ಬಳಿಗೆ ಮತ್ತೆ ಯಾರೂ ಬಟ್ಟೆ ತರಲಿಲ್ಲ. ನೀಲಿಯವನು ಸತ್ತ ಬಾನಿಯನ್ನು ಎಮ್ಮೆಗೆ ನೀರು ಕುಡಿಸಲು ಇಟ್ಟುಕೊಂಡ.

ಗುರು ಕತೆ ನಿಲ್ಲಿಸಿದರು. ನೀಲಗಂಗಾಳ ಮುಖ ಇನ್ನಷ್ಟು ಕೆಂಪಾಗಿತ್ತು.

"ಆ ಪಂಡಿತ ಹಾಳಾಗಿ ಹೋಗಲಿ. ಇವರಿಗೇನಾಗಿತ್ತು? ಭುಜಕ್ಕೆ ಭುಜ ತಾಗಿಸಿ ಕೂತಿದ್ದರಲ್ಲ, ಒಂದು ಮಾತು ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?"

ಗುರು ಅವಳನ್ನೇ ನೋಡಿದರು.

"ಮಗಳೇ, ನಿನ್ನ ಪಕ್ಕ ಕೂರುವ ಆ ಮೇಷ್ಟರ ಮಕ್ಕಳ ಬಣ್ಣವೂ ಕೆಸರಾಗುತ್ತದೆಯೇ?"