ತೆಂಕಂಬರದ ಪರಂಗಿಪಾಲು

ಕುಮಟೆಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕಡಲಿನ ಕಡೆಗೆ ತಿರುಗುವ ಕಿರುದಾರಿಯ ಕೊನೆಯಲ್ಲಿ ತೆಂಕಂಬರವೆಂಬ ಅಂಬಿಗರ ಊರಿದೆ. ಊರ ಮುಂದಿನ ಮರಳದಂಡೆಯಲ್ಲಿ, ಉಬ್ಬರದ ನೀರು ಮುಟ್ಟಿಯೂ ಮುಟ್ಟದ ಜಾಗದಲ್ಲಿ, ಸೊಂಟದೆತ್ತರದ ಒಂದು ಕರಿಬಂಡೆ. ಅದರ ನೆತ್ತಿ ತಟ್ಟೆಯಂತೆ ಸಪಾಟು. ಯಾವಾಗ ನೋಡಿದರೂ ಮೀನಿನ ಪೊರೆಗಳು ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿರುತ್ತವೆ. ಇದಕ್ಕೆ ಪರಂಗಿಪಾಲು ಎಂದು ಹೆಸರು. ಸೂರ್ಯಾಸ್ತ ನೋಡಲು ಬರುವವರು ಅದನ್ನು ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರನ್ನು ಕರೆತರುವ ಆಟೋದವರು, ಪರಂಗಿಗಳು ಇಲ್ಲಿ ಕುಳಿತು ಮೀನಿನ ಸುಂಕ ಎತ್ತುತ್ತಿದ್ದರೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಬಾಡಿಗೆಗೆ ಅಷ್ಟು ಕತೆ ಸಾಕು. ಊರಿನ ಹಿರಿಯರು ಮಾತ್ರ ಒಪ್ಪುವುದಿಲ್ಲ. ಆ ಹೆಸರು ಬಂದದ್ದು ಸುಂಕದಿಂದಲ್ಲ, ಮಂಕಾಳನೆಂಬ ಒಬ್ಬ ಪುಕ್ಕಲನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಪರಂಗಿಯವರ ಹಡಗುಗಳು ಈ ಕರಾವಳಿಯುದ್ದಕ್ಕೂ ಅಲೆಯುತ್ತಿದ್ದ ಕಾಲದಲ್ಲಿ, ಮಂಕಾಳ ಈ ಊರಿನ ಪಾಲು ಹಾಕುವವನಾಗಿದ್ದ. ಎಳೆಬಲೆಯ ಊರಿನಲ್ಲಿ ಅದು ಸಣ್ಣ ಹೊಣೆಯಲ್ಲ. ದೋಣಿಯವರು ದೊಡ್ಡ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯುತ್ತದೆ. ಮೀನು ಮರಳಿಗೆ ಬಿದ್ದ ಮೇಲೆ ಎಳೆದವರಿಗೆಲ್ಲ ಸಮನಾದ ಒಂದೊಂದು ಗುಪ್ಪೆ. ಹಗ್ಗಕ್ಕೆ ಕೈ ಹಚ್ಚಿದವನು ಗುರುತಿಲ್ಲದ ದಾರಿಹೋಕನಾದರೂ ಅವನಿಗೆ ಪಾಲು ಹಾಕಬೇಕು. ಕೈ ಹಚ್ಚದವನು ಸೀಮೆಗೇ ಒಡೆಯನಾದರೂ ಅವನಿಗಿಲ್ಲ. ಈ ಕಟ್ಟಳೆ ತಪ್ಪಿದರೆ ಕಡಲು ಬಾಗಿಲು ಹಾಕಿಕೊಳ್ಳುತ್ತದೆಂದು ಅವರ ನಂಬಿಕೆ. ಮಂಕಾಳ ಹಾಕಿದ ಗುಪ್ಪೆಗೆ ಒಬ್ಬರೂ ತಕರಾರು ತೆಗೆದದ್ದಿಲ್ಲ. ಉಳಿದಂತೆ ಅವನು ಗುಡುಗಿಗೆ, ಹಾವಿಗೆ, ಹೆಂಡತಿ ಇದ್ದಷ್ಟು ಕಾಲ ಹೆಂಡತಿಗೆ ಹೆದರುತ್ತ ಬಂದ ಪ್ರಾಣಿ. ಅವಳು ಹೋದ ಮೇಲೆ, ಒಬ್ಬನೇ ಮಗ ಈರ ದೋಣಿ ಹತ್ತಿದನೆಂದರೆ ತಿರುಗಿ ಬರುವ ತನಕ ಅಪ್ಪನ ಗಂಟಲಲ್ಲಿ ಗಂಜಿ ಇಳಿಯುತ್ತಿರಲಿಲ್ಲ. ಊರವರು ಇದನ್ನು ಆಡಿಕೊಂಡು ನಗುತ್ತಿದ್ದರು. ಈರನೂ ನಗುತ್ತಿದ್ದ.

ಒಂದು ಬೆಳಿಗ್ಗೆ ಬಲೆ ಅರ್ಧ ಬಂದಿದ್ದಾಗ ಪರಂಗಿ ಹಡಗೊಂದು ಭೂಶಿರದ ಮರೆಯಿಂದ ಹೊರಬಂದು ಲಂಗರು ಹಾಕಿತು. ಹಳ್ಳದ ನೀರು ತುಂಬಿಸಿಕೊಳ್ಳಲು ಹತ್ತು ಮಂದಿ ಸಣ್ಣ ದೋಣಿಯಲ್ಲಿ ದಂಡೆಗೆ ಇಳಿದರು. ಉತ್ತರದ ಊರೊಂದನ್ನು ಇಂಥವರೇ ಸುಟ್ಟು, ಗಟ್ಟಿಮುಟ್ಟಾದ ಗಂಡಸರನ್ನು ಹಡಗಿನ ಹುಟ್ಟು ಹಾಕಲು ಹಿಡಿದೊಯ್ದ ಸುದ್ದಿ ಆಗಲೇ ಇಲ್ಲಿಗೆ ಮುಟ್ಟಿತ್ತು. ಓಡೋಣವೆಂದರೆ ಹಗ್ಗ ಕೈಯಲ್ಲಿದೆ; ಬಿಟ್ಟರೆ ಮೀನಿನ ಭಾರಕ್ಕೆ ಬಲೆ ಹೋಗುತ್ತದೆ, ಬಲೆ ಹೋದರೆ ಊರು ಉಪವಾಸ. ಕಣ್ಣು ಕೆಳಗೆ ಹಾಕಿ ಎಳೆಯುತ್ತಲೇ ಇದ್ದರು. ಆಗ ಬಂದವರಲ್ಲಿ ಕೆಂಪುಕೂದಲಿನ ಒಬ್ಬ ಯುವಕ ನಗುತ್ತ ಬಂದು ಮಂಕಾಳನ ಹಿಂದೆಯೇ ಹಗ್ಗ ಹಿಡಿದು ಎಳೆಯತೊಡಗಿದ. ಅವನನ್ನು ನೋಡಿ ಉಳಿದವರೂ ಆಟಕ್ಕೆಂಬಂತೆ ಕೈ ಹಾಕಿದರು. ಬಂಗಡೆ ರಾಶಿ ಬಿತ್ತು. ಮಂಕಾಳನ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಆ ಹತ್ತು ಮಂದಿಗೂ ಊರವರಿಗೆ ಹಾಕಿದಷ್ಟೇ ದೊಡ್ಡ ಗುಪ್ಪೆಗಳನ್ನು ಹಾಕಿದ. ಅವರು ಹೊತ್ತುಕೊಂಡು ಹೋದರು. ನಮ್ಮ ಕಟ್ಟಳೆ ಇವರಿಗೂ ತಿಳಿಯಿತು, ಇನ್ನು ಭಯವಿಲ್ಲ ಎಂದು ಊರು ಅಂದುಕೊಂಡಿತು. ಹಡಗಿನ ಕಪ್ತಾನ ಬೇರೆಯೇ ಅಂದುಕೊಂಡ. ಹೆದರಿದ ಜನ ಕಪ್ಪ ಒಪ್ಪಿಸಿದ್ದಾರೆಂದು ತಿಳಿದ.

ಮರುದಿನ ಕಪ್ತಾನನೇ ಬಂದ, ಬಂದೂಕಿನವರ ಜೊತೆಗೆ. ಕೆಂಪುಕೂದಲಿನವನೂ ಇದ್ದ. ಈ ಸಲ ಬಂದವರಲ್ಲಿ ಒಬ್ಬನೂ ಹಗ್ಗ ಮುಟ್ಟಲಿಲ್ಲ. ಎಳೆದು ಮುಗಿಯುವ ತನಕ ಈ ಬಂಡೆಗೆ ಒರಗಿ ನಿಂತಿದ್ದು, ಆಮೇಲೆ ಗುಪ್ಪೆಗಳ ಕಡೆ ಬೆರಳು ತೋರಿಸಿದರು. ಮಂಕಾಳ ಅವರಿಗೆ ಹಾಕಿರಲಿಲ್ಲ. ಧೈರ್ಯದಿಂದ ಅಲ್ಲ, ಎಳೆಯದವನಿಗೂ ಪಾಲು ಹಾಕಬಹುದೆಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಪರಂಗಿಗಳು ಗುಪ್ಪೆಗಳನ್ನು ತಾವೇ ಬಾಚಿ ಬುಟ್ಟಿಗೆ ತುಂಬತೊಡಗಿದಾಗ ಈರ ಹೋಗಿ ಬುಟ್ಟಿಯ ಕಿವಿ ಹಿಡಿದ. “ಹಗ್ಗಕ್ಕೆ ಕೈ ಹಚ್ದೆ ಪಾಲಿಲ್ಲ” ಎಂದ. ಯಾರು ಯಾರನ್ನು ಮೊದಲು ತಳ್ಳಿದರೋ ತಿಳಿಯದು. ಬಂದೂಕು ಸಿಡಿಯಿತು. ತಿಮ್ಮಣ್ಣನೆಂಬ ಹಿರಿಯ ಅಂಬಿಗ ಮರಳಿಗೆ ಬಿದ್ದವನು ಏಳಲಿಲ್ಲ. ಹುಟ್ಟುಗಳು, ಕಲ್ಲುಗಳು ಹಾರಿದವು. ಪರಂಗಿಗಳು ಈರನ ಕೈಕಟ್ಟಿ ದೋಣಿಗೆ ಎಸೆದುಕೊಂಡು ಹೊರಟರು. ಅವಸರದಲ್ಲಿ ನೀರಿಗಿಳಿದ ಕೆಂಪುಕೂದಲಿನವನ ಕಾಲು ಬಲೆಗೆ ಸಿಕ್ಕಿಕೊಂಡಿತು. ಅವನು ಕೂಗುತ್ತಲೇ ಇದ್ದ, ದೋಣಿ ನಿಲ್ಲಲಿಲ್ಲ.

ತಿಮ್ಮಣ್ಣನ ಮಗ ಬೀರ ಅವನನ್ನು ಅಲ್ಲೇ ಮುಗಿಸುತ್ತಿದ್ದ. ಮಂಕಾಳ ಬೀರನ ಕಾಲಿಗೆ ಬಿದ್ದು, ಇವನು ಬದುಕಿದ್ದರೆ ಈರನನ್ನು ಕೊಟ್ಟು ಇವನನ್ನು ಬಿಡಿಸಿಕೊಳ್ಳಲು ಬಂದಾರು ಎಂದು ಬೇಡಿಕೊಂಡ. ಊರೆಲ್ಲ ಮಕ್ಕಳುಮರಿಗಳೊಂದಿಗೆ ಗುಡ್ಡದ ಮೇಲಿನ ಮುಂಡಿಗೆ ಪೊದೆಗಳಲ್ಲಿ ಅಡಗಿತು. ಸೆರೆಸಿಕ್ಕವನನ್ನು ಹಡಗಿಗೆ ಕಾಣುವಂತೆ ಈ ಬಂಡೆಯ ಮೇಲೆ ನಿಲ್ಲಿಸಬೇಕಾಗಿತ್ತು. ಜೊತೆಗೆ ನಿಲ್ಲುವವರು ಯಾರು? ತೋಪಿನ ಬಾಯಿಗೆ ಎದೆ ಕೊಡಲು ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಆ ಪುಕ್ಕಲನೇ ಬಲೆಯ ಹಗ್ಗದ ಒಂದು ತುದಿಯನ್ನು ಅವನ ಸೊಂಟಕ್ಕೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಬಂಡೆ ಹತ್ತಿದ. ಮೂರು ಹಗಲು ನಿಂತ. ಮೊದಲ ದಿನ ತೋಪಿನ ಗುಂಡೊಂದು ಬಂದು ಮರಳು ಚಿಮ್ಮಿಸಿದಾಗ ಮಂಕಾಳ ಉಟ್ಟ ಬಟ್ಟೆಯಲ್ಲೇ ಒದ್ದೆಯಾದನಂತೆ. ಹಿರಿಯರು ಇದನ್ನು ಮುಚ್ಚಿಡುವುದಿಲ್ಲ. ಹೆದರಿ ಕಣ್ಣು ಮುಚ್ಚಿದರೆ ಈರನನ್ನು ಹಡಗಿನಿಂದ ನೀರಿಗೆ ನೂಕುವುದು ಕಾಣುತ್ತಿತ್ತು, ತೆರೆದರೆ ಹಡಗೇ ಕಾಣುತ್ತಿತ್ತು. ಹಗ್ಗದ ಆ ತುದಿಯಲ್ಲಿದ್ದವನೂ ಗಡಗಡ ನಡುಗುತ್ತಿದ್ದ. ಒಬ್ಬನ ನಡುಕ ಇನ್ನೊಬ್ಬನಿಗೆ ಹಗ್ಗದಲ್ಲೇ ತಿಳಿಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಗಾಳಿ ತಿರುಗಿತು. ಹಡಗು ಹಾಯಿ ಬಿಚ್ಚಿತು. ದೋಣಿ ಇಳಿಸುತ್ತಾರೆಂದು ಇಬ್ಬರೂ ಕಾದರು. ಹಡಗು ಮಾತ್ರ ಪಶ್ಚಿಮಕ್ಕೆ ಮುಖ ಮಾಡಿ, ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕಾಣದೆ ಹೋಯಿತು. ಮೊದಲು ಅತ್ತವನು ಆ ಯುವಕ. ತನ್ನವರು ತನ್ನನ್ನು ಬಿಟ್ಟುಹೋದರೆಂದು ಅವನಿಗೆ ಆಗಷ್ಟೇ ಅರ್ಥವಾಗಿತ್ತು. ಮಂಕಾಳನಿಗೆ ಅಳುವೂ ಬರಲಿಲ್ಲ. ಗುಡ್ಡದಿಂದ ಬೀರ ಹುಟ್ಟು ಹಿಡಿದು ಇಳಿದು ಬಂದ. ಇನ್ನು ಇವನನ್ನು ಉಳಿಸಲು ಕಾರಣವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

“ಸರಿ ಆಚೆಗೆ” ಎಂದ ಬೀರ.

“ಮೊನ್ನೆ ಹಗ್ಗ ಎಳ್ದವ ಇವ. ಇವನ ಪಾಲು ಹಾಕಿದವ ನಾನೇ” ಎಂದ ಮಂಕಾಳ. ಸೊಂಟದ ಗಂಟು ಬಿಚ್ಚಲಿಲ್ಲ. “ಇವನ್ನ ಕೊಂದ್ರೆ ಅಲ್ಲಿ ಈರನ್ನೂ ಕೊಲ್ತಾರೆ ಅಂತ ನಂಗೆ ಹೆದ್ರಿಕೆ, ಬೀರಾ.”

“ಕೊಂದದ್ದು ಅವ್ರಿಗೆ ಹ್ಯಾಂಗೆ ಗೊತ್ತಾಗ್ತದೆ?”

“ಅವ್ರಿಗೆ ಗೊತ್ತಾಗೂದಿಲ್ಲ. ನಂಗೆ ಗೊತ್ತಿರ್ತದಲ್ಲ.”

ಬೀರ ಹುಟ್ಟನ್ನು ಮರಳಿಗೆ ಎಸೆದು ತಂದೆಯ ಕ್ರಿಯೆ ಮಾಡಲು ಹೋದನೆನ್ನುತ್ತಾರೆ. ಸೂತಕ ಕಳೆದು ಬಲೆ ಬಿಟ್ಟ ದಿನ ಆ ಯುವಕ ತಾನಾಗಿಯೇ ಬಂದು ಹಗ್ಗ ಹಿಡಿದ. ಅವನ ಗುಪ್ಪೆ ತನ್ನ ಗುಪ್ಪೆಯ ಸಾಲಿನಲ್ಲಿ ಇರಕೂಡದೆಂದು ಬೀರ ಹಟ ಹಿಡಿದ. ಮಂಕಾಳ ಅದನ್ನು ಎತ್ತಿ ಈ ಬಂಡೆಯ ಮೇಲೆ ಹಾಕಿದ. ಅಂದಿನಿಂದ ಇದು ಪರಂಗಿಪಾಲು. ಊರವರು ಅವನನ್ನು ಕೆಂಚನೆಂದು ಕರೆದರು. ಹನ್ನೆರಡು ಮಳೆಗಾಲ ಮಂಕಾಳನ ಮನೆಯಲ್ಲೇ ಗಂಜಿ ಉಂಡು, ಕೊನೆಗೆ ಜ್ವರ ಬಂದು ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಮರುದಿನವೂ ಮುದುಕ ಮಂಕಾಳ ಬಂಡೆಯ ಮೇಲೆ ಗುಪ್ಪೆ ಹಾಕಿದ. ಇದು ಯಾರಿಗೆಂದು ಬೀರ ಕೇಳಿದ್ದಕ್ಕೆ, “ಈರ ಯಾವ ದಂಡೆಯಲ್ಲಿ ಯಾರ ಹಗ್ಗ ಎಳೀತಿದ್ನೋ. ಪರದೇಶಿ ಅಂದೇಳಿ ಅಲ್ಲಿಯವ್ರು ಅವಂಗೆ ಪಾಲು ಹಾಕ್ದೆ ಬಿಟ್ರೆ?” ಎಂದನಂತೆ. ಮಂಕಾಳ ಸತ್ತ ಮೇಲೆ ಪಾಲು ಹಾಕುವ ಕೆಲಸ ಬೀರನಿಗೆ ಬಂತು. ಅವನು ಹಾಕಿದ ಮೊದಲ ಗುಪ್ಪೆ ಈ ಬಂಡೆಯ ಮೇಲಿನದು.

ಈಗಲೂ ತೆಂಕಂಬರದಲ್ಲಿ ಬಲೆ ಎಳೆದ ದಿನ ಮೊದಲ ಗುಪ್ಪೆ ಬಂಡೆಯ ಮೇಲೆ ಬೀಳುತ್ತದೆ. ನೋಡಲು ಬಂದವರು ಒಂದು ಕೈ ಹಗ್ಗಕ್ಕೆ ಹಚ್ಚಿದರೆ ಅದು ಅವರದು. ಯಾರೂ ಬಾರದಿದ್ದರೆ ಕಾಗೆಗಳದು. ಊರಿನವರು ಅದನ್ನು ಮುಟ್ಟುವುದಿಲ್ಲ. ಅಲ್ಲಿಗೆ ಹೋದವರು ಇನ್ನೊಂದನ್ನೂ ಗಮನಿಸಬಹುದು. ಬಂಡೆಯ ಮೇಲೆ ಗುಪ್ಪೆ ಹಾಕಿದವನು ಎರಡನೆಯದಕ್ಕೆ ಬಗ್ಗುವ ಮೊದಲು ಒಮ್ಮೆ ನೆಟ್ಟಗೆ ನಿಂತು ಪಶ್ಚಿಮಕ್ಕೆ ನೋಡುತ್ತಾನೆ. ಏನು ನೋಡುತ್ತೀರೆಂದು ಕೇಳಿದರೆ, ಹಡಗು ಬಂತೋ ಏನೋ ಎಂದು, ಎನ್ನುತ್ತಾನೆ.